ಸೀಸೆಯ ಗಿಡಕ್ಕೆ ಎಳನೀರು

“ಏನು ಶಿವರುದ್ರಕ್ಕ, ಎಳೇಕಾಯಿ ಇಳಿಸಿಬುಟ್ಟಿದ್ದೀರಾ! ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?”

ಬಸ್ಸಿನ ಮುಂದಿನ ಸೀಟಿನಿಂದ ಊರಿನ ಕೆಂಚಯ್ಯ ತಿರುಗಿ ನಕ್ಕ. ಅಜ್ಜಿ ನಗಲಿಲ್ಲ. ಮಡಿಲಲ್ಲಿದ್ದ ಎಳನೀರಿನ ಮೇಲೆ ಸೆರಗು ಎಳೆದುಕೊಂಡಳು.

“ಮಗಳಿಗೆ ಜ್ವರ ಕಣಪ್ಪ. ತಿಪ್ಟೂರಲ್ಲಿ ಒಬ್ಬಳೇ ಅವ್ಳೆ.”

ಕೆಂಚಯ್ಯನ ನಗು ನಿಂತಿತು. ಎದ್ದು ತನ್ನ ಕಿಟಕಿ ಪಕ್ಕದ ಜಾಗವನ್ನು ಅಜ್ಜಿಗೆ ಬಿಟ್ಟುಕೊಟ್ಟ.

ಜೊತೆಗಿದ್ದ ಮೊಮ್ಮಗಳು ಸರ್ವಮಂಗಳ ತಲೆ ತಗ್ಗಿಸಿದಳು. ಅಜ್ಜಿಯ ಮಗಳಾದ ಶಾಂತತ್ತೆಗೆ ಜ್ವರವೇ ಇರಲಿಲ್ಲ.

ಅವರದು ಕೊಬ್ಬರಿಯ ಸೀಮೆ. ಕಾಯಿ ಮರದಲ್ಲೇ ಬಲಿಯಬೇಕು, ಆಮೇಲೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಬೇಕು. ಎಳೆಗಾಯಿ ಕೀಳುವುದೆಂದರೆ ಅಜ್ಜಿಗೆ ಪಾಪ. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ಮಾತ್ರ ಒಂದು ಇಳಿಸುತ್ತಿದ್ದಳು. ಶಾಂತತ್ತೆ ಎರಡು ಸಲ ಕೇಳಿ ನೋಡಿದ್ದಳು.

“ಗಿಡಕ್ಕೆ ಕುಡಿಸೋಕೆ ಎಳನೀರಾ? ಬಾವೀಲಿ ನೀರಿಲ್ವೇನೇ?” ಎಂದು ಅಜ್ಜಿ ಬೈದು ಕಳಿಸಿದ್ದಳು.

ಕಿಬ್ಬನಹಳ್ಳಿ ರಸ್ತೆಯ ಹಳೆಯ ಮಾವಿನ ಮರಗಳನ್ನು ಕಡಿದಾಗ, ಬಿದ್ದ ಕೊಂಬೆಯೊಂದರಲ್ಲಿ ಅತ್ತೆಗೆ ಮರದ ಮೇಲೇ ಬೆಳೆದು ಹೂ ಬಿಡುವ ಒಂದು ಆರ್ಕಿಡ್ ಗಿಡ ಸಿಕ್ಕಿತ್ತು. ಅಂಥದ್ದು ಸುತ್ತಮುತ್ತ ಇನ್ನೆಲ್ಲೂ ಉಳಿದಿರಲಿಲ್ಲ. ಆ ಗಿಡವೂ ಒಣಗಿಹೋಯಿತು. ಅದರಲ್ಲಿದ್ದ ಒಂದೇ ಒಂದು ಕಾಯಿಯ ಬೀಜಗಳನ್ನು ಅತ್ತೆ ತಾನು ಕೆಲಸ ಮಾಡುವ ಕಾಲೇಜಿನ ಲ್ಯಾಬಿನಲ್ಲಿ, ಗಾಜಿನ ಸೀಸೆಗಳಲ್ಲಿ ಮೊಳೆಯಿಸಿದ್ದಳು. ಹನ್ನೊಂದು ಸೀಸೆಗಳು ಬೂಷ್ಟು ಹಿಡಿದು ಹಾಳಾದವು. ಉಳಿದದ್ದು ಒಂದು. ಅದರ ಸಸಿಗಳನ್ನು ಈ ವಾರ ಹೊಸ ಸೀಸೆಗೆ, ಹೊಸ ಊಟಕ್ಕೆ ದಾಟಿಸದಿದ್ದರೆ ಅವೂ ಸಾಯುತ್ತಿದ್ದವು. ಆ ಊಟಕ್ಕೇ ಎಳನೀರು ಬೇಕಿತ್ತು. ಕೊಬ್ಬರಿಯ ಸೀಮೆಯ ಪೇಟೆಯಲ್ಲಿ ಅದು ಸಿಗುವುದೂ ಅಪರೂಪ.

“ಅತ್ತೆಗೆ ಜೋರು ಜ್ವರವಂತೆ, ಕಂಡಕ್ಟರ್ ಹೇಳಿದ್ರು” ಎಂದು ಮಂಗಳ ಬೆಳಿಗ್ಗೆ ಹೇಳಿದ್ದು ಅದಕ್ಕೇ. ಅಜ್ಜಿ ಕಾಯಿ ಕೊಟ್ಟು ತನ್ನೊಬ್ಬಳನ್ನೇ ಬಸ್ ಹತ್ತಿಸುತ್ತಾಳೆ ಅಂದುಕೊಂಡಿದ್ದಳು. ಆದರೆ ಅಜ್ಜಿ ತಾನೂ ಹೊರಟುಬಿಟ್ಟಳು.

ತಿಪಟೂರಿನಲ್ಲಿ ಇಳಿದಾಗ ಮಂಗಳ ಮೆಲ್ಲಗೆ, “ಕಾಲೇಜಿಗೆ ಹೋಗಣ ಅಜ್ಜಿ” ಎಂದಳು.

“ಜ್ವರ ಬಂದೋಳು ಕಾಲೇಜಲ್ಲಿ ಯಾಕಿರ್ತಾಳೇ?”

ಮಂಗಳ ಮುಂದೆ ಮುಂದೆ ನಡೆದಳು.

ಲ್ಯಾಬಿನ ಬಾಗಿಲಿಗೆ ಶಾಂತತ್ತೆ ಬಿಳಿ ಕೋಟಿನಲ್ಲಿ ಬಂದಳು. ಅಜ್ಜಿ ಎಳನೀರನ್ನು ನೆಲಕ್ಕಿಟ್ಟು ಅವಳ ಹಣೆ ಮುಟ್ಟಿದಳು, ಕುತ್ತಿಗೆ ಮುಟ್ಟಿದಳು.

“ಜ್ವರ ಬುಡ್ತಾ?”

“ಯಾವ ಜ್ವರಮ್ಮ?”

ಇಬ್ಬರೂ ಮಂಗಳಾಳ ಕಡೆ ನೋಡಿದರು.

“ಎಳನೀರಿಗೋಸ್ಕರ... ಸುಳ್ಳು ಹೇಳ್ದೆ.”

ಅಜ್ಜಿ ಬೈಯಲಿಲ್ಲ. ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು. ಆಮೇಲೆ ಅತ್ತೆ ಒಳಗಿನಿಂದ ಸೀಸೆಯನ್ನು ತಂದು ತಾಯಿಯ ಕೈಗಿಟ್ಟಳು. ಒಳಗೆ ಅಕ್ಕಿಕಾಳಿನಷ್ಟು ಚಿಕ್ಕ ಹಸಿರು ಸಸಿಗಳು.

“ಇದರ ಬೀಜ ಧೂಳಿನ ಥರ ಇರುತ್ತಮ್ಮ. ಒಳಗೆ ತಿರುಳೇ ಇರಲ್ಲ.”

“ತಿರುಳಿಲ್ದೆ ಮೊಳಕೆ ಏನು ತಿಂದು ಬೆಳೀಬೇಕು?”

“ನಾವು ಏನು ಕೊಡ್ತೀವೋ ಅದನ್ನೇ.”

ಅಜ್ಜಿ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. “ಹೂವು ಯಾವಾಗ?”

“ಐದಾರು ವರ್ಷ ಆಗುತ್ತೆ. ಬದುಕಿದ್ರೆ.”

“ಹೂಂ,” ಎಂದಳು ಅಜ್ಜಿ. “ಕಾಯಿ ಕಿತ್ತಿದ್ದಂತೂ ಆಯ್ತು. ಕೆತ್ತು.”

ಅತ್ತೆ ಸೀಸೆಯನ್ನು ಮೇಜಿನ ಮೇಲಿಟ್ಟು ಮಚ್ಚು ತರಲು ತಿರುಗಿದಳು. ಅಜ್ಜಿ ಕೂತಲ್ಲಿಂದಲೇ ಅವಳ ಕೈ ಹಿಡಿದು ಬಗ್ಗಿಸಿಕೊಂಡು, ಇನ್ನೊಂದು ಸಲ ಹಣೆ ಮುಟ್ಟಿ ನೋಡಿದಳು. ಜ್ವರವಿಲ್ಲವೆಂದು ಗೊತ್ತಾದ ಮೇಲೂ.

ಸೀಸೆಯೊಳಗಿನ ಸಸಿಗಳನ್ನು ಹತ್ತಿರದಿಂದ ನೋಡಬೇಕೆಂದು ಮಂಗಳಾಳಿಗೆ ಎಷ್ಟೋ ದಿನದಿಂದ ಆಸೆಯಿತ್ತು. ಈಗ ಸೀಸೆ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಅವಳು ಅತ್ತ ಹೋಗಲಿಲ್ಲ. ಅಜ್ಜಿಯ ಕಾಲ ಬಳಿ ನೆಲದ ಮೇಲೆ ಕೂತು, ಅತ್ತೆಯ ಹಣೆ ಮುಟ್ಟಿದ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.