ನಾನು ಕಲಿಸಿದ ಕಾಫಿ

"ಭಾರಿ ಅದ ಕಾಫಿ! ಇದನ್ನ ಯಾರ ಕಡಿ ಕಲ್ತೀಪಾ?"

ಸುರಪುರದ ಹೊಸ ಕಾಫಿ ಅಂಗಡಿಯ ಮೊದಲ ದಿನ. ಮಾಲೀಕ ಭಾಗಣ್ಣ ಎಲ್ಲರೆದುರು ಕೇಳಿದ ಪ್ರಶ್ನೆಗೆ ರಾಮಲಿಂಗ ನಕ್ಕ.

"ಯಾರ ಕಡಿನೂ ಅಲ್ರಿ. ಮಾಡಿ ಮಾಡಿ ನಾನ ಕಲ್ತೀನಿ."

ಗುಂಪಿನ ಹಿಂದೆ ಅವನ ಮೂರು ವರ್ಷದ ಗೆಳತಿ ಭಾರತಿ ನಿಂತಿದ್ದಳು.

ಅವನು ತಲೆಯೆತ್ತಿದ. ಕಣ್ಣಿಗೆ ಕಣ್ಣು ಸೇರಿತು. ಅವನ ನಗು ಅಲ್ಲೇ ಮಾಯವಾಯಿತು.

ಅವಳು ಹೊರಟುಬಿಟ್ಟಳು.

ರಂಗಂಪೇಟೆಯ ಮನೆ ಸೇರುವವರೆಗೂ ಅವಳಿಗೆ ದಾರಿ ಕಾಣಲಿಲ್ಲ. ಸೋದರತ್ತೆ ಪಾರ್ವತಿಬಾಯಿ ಹೈದರಾಬಾದಿನಿಂದ ತಂದುಕೊಟ್ಟಿದ್ದ ಎರಡಂತಸ್ತಿನ ಗಾಜಿನ ಪಾತ್ರೆ ಒಲೆಯ ಪಕ್ಕದಲ್ಲೇ ಇತ್ತು. ಕೆಳಗಿನ ನೀರು ಕಾದು ಮೇಲೇರುತ್ತದೆ, ಪುಡಿಯೊಂದಿಗೆ ಬೆರೆಯುತ್ತದೆ. ಒಲೆ ಆರಿಸಿದರೆ ಸೋಸಿದ ಕಾಫಿ ತಾನಾಗಿಯೇ ಕೆಳಗಿಳಿಯುತ್ತದೆ. ಪುಡಿ ಎಷ್ಟು, ಒಲೆ ಯಾವಾಗ ಆರಿಸಬೇಕು... ಎರಡು ವರ್ಷ ಕೆಡಿಸಿ ಕೆಡಿಸಿ ಕಲಿತವಳು ಅವಳು. ಅವನಿಗೆ ಕೈಹಿಡಿದು ಕಲಿಸಿದವಳೂ ಅವಳೇ.

ಭಾಗಣ್ಣನ ಅಂಗಡಿಯಲ್ಲಿ ಸೋಮವಾರ ಕೆಲಸ ಕೇಳುತ್ತೇನೆಂದು ಮೊದಲು ಹೇಳಿದ್ದೂ ಅವನಿಗೇ!

ಅವನು ಅದರ ಹಿಂದಿನ ಶನಿವಾರವೇ ಹೋಗಿ ಆ ಕೆಲಸ ಹಿಡಿದಿದ್ದ.

ಸಂಜೆ ರಾಮಲಿಂಗ ಬಾಗಿಲಿಗೆ ಬಂದ.

"ಭಾರತಿ, ಒಂದ ಮಾತ ಕೇಳು..."

"ಕೆಲಸ ಬೇಕಂದಿದ್ರ ನಾನ ಬಿಟ್ಟು ಕೊಡ್ತಿದ್ದೆ. ನನ್ನ ಹೆಸರ ಯಾಕ ನುಂಗಿದಿ?"

"ಹತ್ತಿ ಮಿಲ್ಲಿನ ಕೆಲಸ ಹೋಗಿ ತಿಂಗಳಾತು. ಬರಿಗೈಲೆ ಬಂದು ನಿಮ್ಮವ್ವನ್ನ ಹೆಂಗ ಕೇಳಲಿ ಅಂತ..."

"ನನ್ನ ಕೈ ಕೇಳಾಕ ನನ್ನ ಕಡಿಂದನ ಕದ್ದೇನು?"

ಅವಳು ಬಾಗಿಲು ಹಾಕಿಕೊಂಡಳು. ಒಳಗೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

*ಪರಾಯಿ ಮಂದಿ ಮಾಡಿದ್ರ ತಡ್ಕೋತಿದ್ದೆ. ನೀನ ಮಾಡಿದ್ಯಲ್ಲೋ!*

ಹತ್ತು ದಿನ ಅವಳು ಒಲೆಯ ಮೇಲೆ ಆ ಪಾತ್ರೆ ಇಡಲಿಲ್ಲ. ಕಾಫಿಯ ವಾಸನೆಯೇ ಸೇರುತ್ತಿರಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಭಾಗಣ್ಣನೇ ಮನೆಗೆ ಬಂದ.

"ತಂಗಿ, ನಿನ್ನೆ ಅಂಗಡಿ ತುಂಬ ಮಂದಿ ಇದ್ರು. ರಾಮಲಿಂಗ ಎಲ್ಲಾರ ಮುಂದ ನಿಂತು, ನಾ ಸುಳ್ಳ ಹೇಳೀನಿ, ಈ ಕಾಫಿ ರಂಗಂಪೇಟಿ ಭಾರತಿದು ಅಂದ. ಕೆಲಸನೂ ಬಿಟ್ಟ. ನೀನ ಬರ್ತಿಯೇನವಾ?"

ಭಾರತಿ ಬಾಗಿಲ ಹೊರಗೆ ಇಣುಕಿದಳು.

"ಬರ್ತೀನ್ರಿ... ಅಂವ ಎಲ್ಲಿದ್ದಾನ್ರಿ?"

"ಮನಿ ತೋರ್ಸಾಕ ನನ್ನ ಜೋಡಿ ಬಂದಾನ. ಓಣಿ ತುದೀಗೆ ನಿಂತಾನ. ಒಳಗ ಬಾ ಅಂದ್ರ ಮುಖ ಇಲ್ಲ ಅಂತಾನ."

ಅವಳು ಚಪ್ಪಲಿ ಮೆಟ್ಟದೆಯೇ ಹೊರಗೆ ನಡೆದಳು.

ರಾಮಲಿಂಗನ ಗಡ್ಡ ಬೆಳೆದಿತ್ತು, ಕಣ್ಣುಗಳು ಕೆಂಪಾಗಿದ್ದವು.

"ನನ್ನ ಸಿಟ್ಟು ಇನ್ನೂ ಹೋಗಿಲ್ಲ," ಎಂದಳು.

"ಇರಲಿ. ಹೋಗೂತನಕ ಕಾಯ್ತೀನಿ." ಅವನು ಒಂದು ಹೆಜ್ಜೆ ಮುಂದೆ ಬಂದ. "ಮೂರು ವರ್ಷ ಆತು, ಒಮ್ಮೆನೂ ಬಾಯಿಬಿಟ್ಟು ಹೇಳಿಲ್ಲ. ನೀ ಅಂದ್ರ ನನಗ ಜೀವ, ಭಾರತಿ."

ಅವಳ ಕಣ್ಣು ತುಂಬಿ ಬಂತು. ಕೆಂಡದಂತಿದ್ದ ನೋವು ಆರಿರಲಿಲ್ಲ. ಆದರೂ ಅವಳು ಹಿಂದೆ ಸರಿಯಲಿಲ್ಲ.

"ನಾಳೆ ಬಂದು ಅವ್ವನ ಮುಂದ ಹೇಳು."

"ಕೆಲಸ ಇಲ್ದವ ಬಂದಾನ ಅಂದ್ರ ಅವ್ವ ಏನಂತಾರ?"

"ಖರೇ ಹೇಳಾಂವ ಬಂದಾನ ಅಂತ ನಾ ಹೇಳ್ತೀನಿ... ಬಾ."