ಬಾಲ ಉಳಿಸಿಕೊಂಡ ಪ್ರೋಟೀನು

ಪ್ರಯೋಗಾಲಯದ ಬಾಗಿಲಲ್ಲಿ ಅವನನ್ನು ಕಂಡೊಡನೆ ಅವಳು ಕೈಯಲ್ಲಿದ್ದ ಪಿಪೆಟ್ ಕೆಳಗಿಟ್ಟಳು. ಮೂರು ವರ್ಷ ಕಳೆದರೂ ಸಿಟ್ಟು ಒಂದಿಷ್ಟೂ ಆರಿರಲಿಲ್ಲ.

ಎಲ್ಲರೂ ಅವನನ್ನು 'ಕತ್ತರಿ' ಎಂದೇ ಕರೆಯುತ್ತಿದ್ದರು. ಜೀವಕೋಶದ ಮೈಟೊಕಾಂಡ್ರಿಯದೊಳಗೆ ಹೋಗುವ ಹೆಚ್ಚಿನ ಪ್ರೋಟೀನುಗಳಿಗೆ ದಾರಿ ತೋರುವ ಒಂದು ಪುಟ್ಟ ಬಾಲವಿರುತ್ತದೆ. ಒಳಗೆ ಹೋದಮೇಲೆ ಒಂದು ಕಿಣ್ವ ಆ ಬಾಲವನ್ನು ಕತ್ತರಿಸುತ್ತದೆ. ಆ ಕಿಣ್ವವೇ ಅವನ ಸಂಶೋಧನೆ.

ರೋಗ ತರುವ ಒಂದು ಏಕಕೋಶ ಪರಾವಲಂಬಿಯಲ್ಲಿ, ಒಂದು ಪ್ರೋಟೀನು ಬಾಲ ಉಳಿಸಿಕೊಂಡೇ ಒಳಗೆ ಹೋಗುವುದನ್ನು ಅವಳು ಕಂಡಿದ್ದಳು. ಅದನ್ನು ಹೇಳಿದ ದಿನ ತುಂಬಿದ ಸಭೆಯಲ್ಲಿ ಎದ್ದು ನಿಂತವನು ಇವನೇ.

"ಬಾಲ ಕತ್ತರಿಸಿಲ್ಲ ಅಂದ್ರೆ ಅದು ಒಳಗೇ ಹೋಗಿಲ್ಲ."

ಆಮೇಲೆ ಅವಳು ಎಷ್ಟು ಸಲ ತೋರಿಸಿದರೂ ಯಾರೂ ಕಿವಿಗೊಡಲಿಲ್ಲ. ಲೇಖನ ಮೂಲೆ ಸೇರಿತು. ಇಬ್ಬರ ಮದುವೆಯ ಮಾತೂ ಅಲ್ಲಿಗೇ ಮುರಿಯಿತು.

ಈಗ ಇಲ್ಲಿ ಅವಳೇ ಮುಖ್ಯಸ್ಥೆ. ಅವನು ಕೆಲಸ ಕೇಳಿಕೊಂಡು ಬಂದಿದ್ದಾನೆ.

'ಸಿಕ್ಕಿದನಲ್ಲ ಕೈಗೆ... ನೀರಿಳಿಸದೆ ಬಿಡ್ತೀನಾ?'

"ಕೆಲಸದ ಮಾತು ಆಮೇಲೆ. ಮೊದಲು ನನ್ನ ಪ್ರಯೋಗ ನೀವೇ ಮಾಡಿ, ಎಲ್ಲರ ಎದುರಿಗೆ. ತಪ್ಪಾಯ್ತು ಅಂತ ನಿಮ್ಮ ಬಾಯಲ್ಲೇ ಹೇಳಿ."

"ಆಯ್ತು" ಎಂದ, ತಲೆಯೆತ್ತದೆ. ಆ ಒಂದು ಮಾತಿಗೆ ಅವಳಿಗೆ ಇನ್ನಷ್ಟು ಮೈ ಉರಿಯಿತು.

ಮರುದಿನ ಎಲ್ಲರೂ ಸುತ್ತ ನಿಂತರು. ಅವನು ಪರಾವಲಂಬಿಯ ಮೈಟೊಕಾಂಡ್ರಿಯದ ಜೊತೆ ಪ್ರೋಟೀನು ಬೆರೆಸಿದ. ಆಮೇಲೆ ಹೊರಗುಳಿದ ಪ್ರೋಟೀನನ್ನೆಲ್ಲ ಚೂರು ಮಾಡುವ ಇನ್ನೊಂದು ಕಿಣ್ವ ಹಾಕಿದ. ಒಳಗೆ ಸೇರಿದ್ದು ಮಾತ್ರ ಉಳಿಯಬೇಕು.

ಸಂಜೆಯ ಹೊತ್ತಿಗೆ, ಪ್ರೋಟೀನುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್ ಮೇಲೆ ಒಂದು ದಪ್ಪ ಗೆರೆ ಮೂಡಿತು. ಬಾಲಸಮೇತ ಪೂರ್ತಿ ಪ್ರೋಟೀನು!

"ತಪ್ಪು ನನ್ನದು" ಎಂದ ಅವನು, ಎಲ್ಲರಿಗೂ ಕೇಳುವಂತೆ. "ಕತ್ತರಿ ಬಿಟ್ಟು ಬೇರೇನೂ ನನ್ನ ಕಣ್ಣಿಗೆ ಬೀಳ್ಲಿಲ್ಲ."

ಅವಳು ಬಿಡಲಿಲ್ಲ. "ಗೊತ್ತಾಗೋಕೆ ಮೂರು ವರ್ಷ ಬೇಕಾಯ್ತಾ?"

"ಒಂದೂವರೆ ತಿಂಗಳು."

ಅವನು ಚೀಲದಿಂದ, ಹಿಂದೆ ಅವಳಿಗೆ ಕಳಿಸಿದ್ದ ಮೂರು ಕವರು ತೆಗೆದಿಟ್ಟ. ಒಂದನ್ನೂ ಒಡೆದಿರಲಿಲ್ಲ. ಮೂರರ ಮೇಲೂ ಅವಳದೇ ಅಕ್ಷರ: 'ಬೇಡ. ವಾಪಸ್.'

ಮೊದಲನೆಯದನ್ನು ಒಡೆದಳು. ಇದೇ ಗೆರೆಯ ಫೋಟೊ, ಮೂರು ವರ್ಷ ಹಿಂದಿನ ತಾರೀಖು. ಕೆಳಗೆ, 'ನೀನು ಹೇಳಿದ್ದೇ ಸರಿ. ಸಭೆಯಲ್ಲಿ ಹೇಳ್ಲಾ?'

ಅಯ್ಯೋ... ತಾನು ಹಂಬಲಿಸಿದ ಮಾತನ್ನು ತನ್ನ ಕೈಯಾರೆ ಹಿಂದಕ್ಕೆ ಕಳಿಸಿದ್ದಳಲ್ಲ! ಅವಳ ಕಣ್ಣು ತುಂಬಿತು. ಸುತ್ತ ನಿಂತವರು ಒಬ್ಬೊಬ್ಬರೇ ಜಾರಿಕೊಂಡರು.

"ನನ್ನನ್ನ ಕೇಳದೇನೇ ಹೇಳಬಹುದಿತ್ತು."

"ನಿನ್ನ ಒಪ್ಪಿಗೆಗೆ ಕಾದೆ. ಕಾಯಬಾರದಿತ್ತು... ಅದೂ ನನ್ನ ತಪ್ಪೇ. ಇನ್ನೂ ಸಿಟ್ಟಾ?"

"ಹೂಂ. ಅರ್ಧ ನಿನ್ನ ಮೇಲೆ, ಅರ್ಧ ನನ್ನ ಮೇಲೆ. ಸೋಮವಾರದಿಂದ ಕೆಲಸಕ್ಕೆ ಬಾ. ದಿನಾ ಗಾಜಿನ ಸಾಮಾನೆಲ್ಲ ನಿನ್ನ ಕೈಲೇ ತೊಳೆಸ್ತೀನಿ."

"ತೊಳೀತೀನಿ. ಮೂರನೇ ಕವರು ಮಾತ್ರ ಮನೆಗೆ ಹೋಗಿ ಓದು."

"ಯಾಕೆ?"

"ಅದರಲ್ಲಿ ಪ್ರೋಟೀನಿನ ವಿಷಯ ಇಲ್ಲ."

ಅವಳು ಅಲ್ಲೇ ನಿಂತು ಅದನ್ನು ಒಡೆದಳು. ಒಂದೇ ಸಾಲು ಇತ್ತು. ಎರಡು ಸಲ ಓದಿಕೊಂಡಳು.

"ಹೂಂ" ಎಂದಳು.

"ಹೂಂ ಅಂದ್ರೆ?"

"ನೀನು ಕೇಳಿದ್ದಕ್ಕೆ ಉತ್ತರ ಕಣೋ. ಮೂರು ವರ್ಷ ತಡ ಆಯ್ತು, ಅಷ್ಟೆ."