ಹೆಸರಿಲ್ಲ ಎಂದು ಬರೆದಿದ್ದ ಹಾಳೆ

ಅಮೆರಿಕದ ಕೆಂಟಕಿಯ ನಮ್ಮ ಕೌಂಟಿ ಕಚೇರಿಯ ನೆಲಮಾಳಿಗೆಗೆ ನಾನು ಹೋದದ್ದು ಅಕ್ಕನನ್ನು ಹುಡುಕಿಕೊಂಡು. ಹುಟ್ಟಿದ ದಿನವೇ ತೀರಿಕೊಂಡ ಅವಳಿಗೆ ಅಮ್ಮ ಮನಸ್ಸಿನಲ್ಲೇ ಒಂದು ಹೆಸರಿಟ್ಟಿದ್ದಳು. ಸಾಯುವ ಮುನ್ನ ಅದನ್ನು ನನಗೊಬ್ಬಳಿಗೇ ಹೇಳಿದಳು.

ಮರಣ ದಾಖಲೆಯ ದಪ್ಪ ಪುಸ್ತಕ ಮಂಜುಗಡ್ಡೆಯಂತೆ ತಣ್ಣಗಿತ್ತು. ಅಮ್ಮನ ಹೆಸರಿನ ಮುಂದೆ ‘ಹೆಣ್ಣು ಮಗು, ಹೆಸರಿಲ್ಲ’ ಎಂದು ಬರೆದಿದ್ದ ಹಾಳೆ ಮಾತ್ರ ಬೆಚ್ಚಗಿತ್ತು. ಹಾಲಿನ ವಾಸನೆಯೂ ಬರುತ್ತಿತ್ತು.

“ಅದೊಂದು ಹಾಳೆ ಹಂಗೇ ಕಣಮ್ಮ,” ಎಂದಳು ಮುದಿ ಗುಮಾಸ್ತೆ ವರ್ಲೀನ್. “ಹೀಟರ್ ಕೆಟ್ರೆ ನಾನು ಅಲ್ಲೇ ಕೈ ಕಾಯಿಸ್ಕೊಳ್ಳೋದು. ಯಾರ ಮಗುನೋ ಪಾಪ, ಇಷ್ಟು ವರ್ಷ ಯಾರೂ ಕೇಳ್ಕೊಂಡು ಬರ್ಲಿಲ್ಲ.”

“ನಮ್ಮಮ್ಮಂದು,” ಎಂದೆ.

ಹಾಳೆಯ ಮೇಲೆ ಅಂಗೈಯಿಟ್ಟು “ಡೆಲ್ಫಾ” ಎಂದು ಮೆಲ್ಲಗೆ ಕರೆದೆ. ಹಾಳೆ ತಣ್ಣಗಾಯಿತು.

ಅದಾಗಿ ಆರು ಚಳಿಗಾಲ ಕಳೆದಿವೆ. ಎಷ್ಟೇ ಹಿಮ ಬಿದ್ದರೂ ನಾನು ಬಲಗೈಗೆ ಗವಸು ಹಾಕಿಲ್ಲ. ಆ ಅಂಗೈ ತಣ್ಣಗಾಗುವುದೇ ಇಲ್ಲ.